ಹಾರ್ನ್ ಕೊಟ್ಟು ಕಿವಿ ಕೊಡುವವರು

ಕೊಡಗಿನ ಸುಂಟಿಕೊಪ್ಪ ಹತ್ತಿರದ ಒಂದು ತೋಟದ ರಸ್ತೆ. ಅರ್ಧ ಕಿಲೋಮೀಟರ್ ನೇರ, ಆಮೇಲೆ ಸಿಲ್ವರ್ ಓಕ್ ಮರಗಳ ಮರೆಯಲ್ಲಿ ಗಕ್ಕನೆ ಎಡಕ್ಕೆ ತಿರುವು. ಡಾಂಬರಿನ ಮೇಲೆ ಟೈರ್ ಉಜ್ಜಿದ ಕಪ್ಪು ಗೆರೆ. ಪಕ್ಕದ ದಿಬ್ಬದ ಕೆಂಪು ಮಣ್ಣಿನಲ್ಲಿ ಒಡೆದ ಇಂಡಿಕೇಟರ್ ಚೂರು.

ಇಂಥ ಕಡೆ ಜನ ಹೇಗೆ ಗಾಡಿ ಓಡಿಸುತ್ತಾರೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ತಿರುವು, ಏರು, ಅಗಲದ ವಿವರ ಕೊಟ್ಟರೆ, 100ರಲ್ಲಿ 85 ಮಂದಿ ಮೀರದ ವೇಗವನ್ನು ಮಾಡೆಲ್ ಅಂದಾಜು ಮಾಡುತ್ತದೆ. ನೇರದ ವೇಗಕ್ಕೂ ತಿರುವಿನ ವೇಗಕ್ಕೂ 10 ಕಿ.ಮೀ. ಒಳಗಿನ ವ್ಯತ್ಯಾಸವಿದ್ದರೆ ಚಿಂತೆಯಿಲ್ಲ. 20 ದಾಟಿದರೆ ತಪ್ಪು ಚಾಲಕನದ್ದಲ್ಲ, ರಸ್ತೆಯದ್ದು ಅಂತಲೇ ನಾನು ಹೇಳುತ್ತೇನೆ. ತಿರುವಿನ ತ್ರಿಜ್ಯ 30 ಮೀಟರ್ ಅಂದುಕೊಳ್ಳಿ. ಹೊರ ಅಂಚನ್ನು ರಸ್ತೆಯ ಅಗಲದ ಶೇ. 10ರಷ್ಟು ಎತ್ತರಿಸಿದರೂ ವಿನ್ಯಾಸದ ಲೆಕ್ಕಕ್ಕೆ ಸಿಗುವ ಸುರಕ್ಷಿತ ವೇಗ ಗಂಟೆಗೆ ಸುಮಾರು 31 ಕಿ.ಮೀ. ಮಾತ್ರ. 60ರಲ್ಲಿ ಬಂದವನು ಅಪಾಯ ಕಂಡು ಬ್ರೇಕ್ ಒತ್ತಲು ನಮ್ಮ ರಸ್ತೆ ವಿನ್ಯಾಸದ ಮಾನದಂಡ 2.5 ಸೆಕೆಂಡ್ ಇಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಗಾಡಿ 42 ಮೀಟರ್ ಮುಂದೆ ಹೋಗಿರುತ್ತದೆ!

ಆದರೆ ಮೊದಲ ಸಲ ನನ್ನ ಲೆಕ್ಕ ಸ್ಥಳದಲ್ಲಿ ಕಂಡದ್ದಕ್ಕೆ ಹೊಂದಲೇ ಇಲ್ಲ. ಕಾಫಿ ಕೊಯ್ಲಿನ ಸಮಯ, ಕಾರ್ಮಿಕರನ್ನು ಇಳಿಸಿ ಬಂದ ಪಿಕಪ್ ಚಾಲಕರೊಬ್ಬರನ್ನು ಟೀ ಅಂಗಡಿಯಲ್ಲಿ ಕೇಳಿದೆ.

"ಸಾರ್, ನಾವು ಅಲ್ಲಿ ನೋಡಲ್ಲ. ಹಾರ್ನ್ ಹೊಡೆದು ಕೇಳ್ತೀವಿ. ಉತ್ತರ ಬಂದಿಲ್ಲ ಅಂದ್ರೆ ಹೋಗ್ತೀವಿ."

"ಎದುರಿನವನು ಹಾರ್ನ್ ಹೊಡೆಯದಿದ್ರೆ?"

"ಅವನು ಬೆಂಗಳೂರಿನವನು!" ಅಂತ ನಕ್ಕರು.

ನನ್ನ ಮಾಡೆಲ್‌ಗೆ ಕಣ್ಣಿತ್ತು, ಕಿವಿ ಇರಲಿಲ್ಲ. ಸ್ಥಳೀಯರು ಕಿಟಕಿ ಇಳಿಸಿ, ತಿರುವನ್ನು ನೆನಪಿನಿಂದಲೇ ದಾಟುತ್ತಾರೆ. ವೀಕೆಂಡ್ ಪ್ರವಾಸಿಗೆ ಗಾಜು ಏರಿಸಿದ ಕಾರು, ಎಸಿ, ಹಾಡು. ಅವನಿಗೆ ತಿರುವು ಹೊಸದು, ಹಾರ್ನ್ ಕೇಳಿಸುವುದೇ ಇಲ್ಲ. ಜೋರು ಮಳೆಯಲ್ಲಂತೂ ಸ್ಥಳೀಯರ ಗಾಜೂ ಮೇಲೆ. ಇಬ್ಬರ ಸರಾಸರಿ ತೆಗೆದರೆ ಸಿಗುವ ಚಾಲಕ ಕೊಡಗಿನಲ್ಲಿ ಎಲ್ಲೂ ಇಲ್ಲ, ಅಲ್ವಾ?

ಆಮೇಲೆ ಮಾಡೆಲ್‌ನಲ್ಲಿ ಇಬ್ಬರನ್ನೂ ಬೇರೆಬೇರೆಯಾಗಿ ಓಡಿಸಿ ನೋಡಿದೆ. ಅಪಾಯ ಜಾಸ್ತಿ ಕಂಡದ್ದು ಇವರಿಬ್ಬರು ಎದುರಾದಾಗ. ಹಾಗಾಗಿ ಕೇಳಿದ್ದು ಎರಡೇ: ನೇರ ರಸ್ತೆ ಮುಗಿಯುವ ಮೊದಲೇ ಬಿಳಿ ಗೆರೆ ಎಳೆದು ದಾರಿ ಕಿರಿದಾಗಿ ಕಾಣುವಂತೆ ಮಾಡುವುದು, ತಿರುವಿನ ಒಳಬದಿಯ ಪೊದೆ ಸವರುವುದು. ತೋಟದ ಮಾಲೀಕರು ಮರುದಿನವೇ ಆಳು ಕಳಿಸಿ ಸವರಿಸಿದರು. ಮಳೆಗಾಲ ಮುಗಿದು ಹೋಗಿ ನೋಡಿದರೆ ಗೆರೆ ಇನ್ನೂ ಬಂದಿರಲಿಲ್ಲ, ಲಂಟಾನ ಪೊದೆ ಮಾತ್ರ ಮತ್ತೆ ಕಣ್ಣಿನ ಮಟ್ಟಕ್ಕೆ ಬೆಳೆದು ನಿಂತಿತ್ತು.