ವಾರಟಾ ಹಡಗು: ಕನಸು ನೆನಪಿದೆ, ಲೆಕ್ಕ ಮರೆತಿದೆ

1909ರ ಜುಲೈನಲ್ಲಿ ದಕ್ಷಿಣ ಆಫ್ರಿಕಾದ ಕರಾವಳಿಯಲ್ಲಿ ಕಾಣೆಯಾದ ವಾರಟಾ ಹಡಗಿನ ಬಗ್ಗೆ ಓದಲು ಕೂತರೆ ಮೊದಲು ಸಿಗುವುದು ಕೆಟ್ಟ ಕನಸಿನ ಕಥೆ. ಆಮೇಲೆ ರಾಕ್ಷಸ ಅಲೆ, ಸುಳಿ, ಶಾಪ. 211 ಜನರಿದ್ದ ಹಡಗು ಗುರುತೇ ಉಳಿಸದೆ ಹೋದರೆ ಕಥೆ ಹುಟ್ಟದೆ ಇರುತ್ತದಾ? ಆದರೆ ಈ ಕಥೆಗಳ ಅಡಿಯಲ್ಲಿ ಒಂದು ಸಾದಾ ಪ್ರಶ್ನೆ ಹೂತುಹೋಗಿದೆ. ಹಡಗಿನ ತಲೆ ಭಾರವಾಗಿತ್ತಾ, ಅಂದರೆ ತೂಕ ಮೇಲ್ಭಾಗದಲ್ಲೇ ಜಾಸ್ತಿ ಇತ್ತಾ?

ವಾರಟಾ ಹಳೇ ಹಡಗೇನಲ್ಲ. 1908ರಲ್ಲಿ ಗ್ಲಾಸ್ಗೋದಲ್ಲಿ ಕಟ್ಟಿದ್ದು, 9,339 ಟನ್. ಬ್ಲೂ ಆಂಕರ್ ಕಂಪನಿಯ ಹೆಮ್ಮೆ. ಲಂಡನ್‌ನಿಂದ ಆಸ್ಟ್ರೇಲಿಯಾಕ್ಕೆ ವಲಸೆ ಹೋಗುವವರನ್ನು ಒಯ್ಯುವುದು, ಬರುವಾಗ ಸರಕು ತುಂಬಿಕೊಂಡು ಬರುವುದು ಅದರ ಕೆಲಸ. ಪ್ರಯಾಣಿಕರ ಅನುಕೂಲಕ್ಕೆಂದು ಮೇಲುಗಡೆ ಅಂತಸ್ತಿನ ಮೇಲೆ ಅಂತಸ್ತು ಏರಿಸಿದ್ದರು. ಸಂದೇಶ ಕಳಿಸಲು ವೈರ್‌ಲೆಸ್ ರೇಡಿಯೊ ಇರಲಿಲ್ಲ. ಆ ಕಾಲಕ್ಕೆ ಅದೇನು ದೊಡ್ಡ ಕೊರತೆಯೂ ಅಲ್ಲ.

ಎರಡನೇ ಪ್ರಯಾಣದಲ್ಲಿ, ಆಸ್ಟ್ರೇಲಿಯಾದಿಂದ ವಾಪಸ್ ಬರುತ್ತಾ ಅದು ಡರ್ಬನ್ ಮುಟ್ಟಿತು. ಜುಲೈ 26ರ ರಾತ್ರಿ ಕೇಪ್‌ಟೌನ್ ಕಡೆ ಹೊರಟಿತು. ಮಾರನೇ ದಿನ ಬೆಳಗ್ಗೆ ಕ್ಲಾನ್ ಮ್ಯಾಕಿಂಟೈರ್ ಎಂಬ ಹಡಗು ಅದನ್ನು ಕಂಡು ಸಂಕೇತದಲ್ಲಿ ಮಾತಾಡಿಸಿತು. ವಾರಟಾ ವೇಗವಾಗಿ ಮುಂದೆ ಹೋಯಿತು. ಅದೇ ರಾತ್ರಿ ಗೆಲ್ಫ್ ಎಂಬ ಇನ್ನೊಂದು ಹಡಗು ದೀಪದ ಸಂಕೇತದಲ್ಲಿ ಎದುರಿನ ಹಡಗಿನ ಹೆಸರು ಕೇಳಿತು. ಹೆಸರಿನ ಕೊನೆಯ ಮೂರು ಅಕ್ಷರಗಳಷ್ಟೇ ಓದಲು ಸಿಕ್ಕವು, ಟಿ, ಎ, ಎಚ್. ಇಂಗ್ಲಿಷಿನಲ್ಲಿ ವಾರಟಾ (Waratah) ಮುಗಿಯುವುದೂ ಇವೇ ಅಕ್ಷರಗಳಲ್ಲಿ. 28ರಂದು ಭಾರೀ ಬಿರುಗಾಳಿ ಎದ್ದಿತು. ಅಷ್ಟೇ.

ಆಮೇಲೆ ತಿಂಗಳುಗಟ್ಟಲೆ ಹುಡುಕಾಟ. ಮೊದಲು ಯುದ್ಧನೌಕೆಗಳು, ನಂತರ ಬಾಡಿಗೆ ಹಡಗುಗಳು. ಜನ ಆಸೆ ಬಿಡದಿರಲು ಕಾರಣವೂ ಇತ್ತು. 1899ರಲ್ಲಿ ವೈಕಾಟೊ ಎಂಬ ಹಡಗು ಎಂಜಿನ್ ಕೆಟ್ಟು ಇದೇ ದಕ್ಷಿಣ ಸಮುದ್ರದಲ್ಲಿ ಮೂರು ತಿಂಗಳಿಗೂ ಜಾಸ್ತಿ ತೇಲಿ, ಕೊನೆಗೆ ಸುರಕ್ಷಿತವಾಗಿ ಸಿಕ್ಕಿತ್ತು. ಆಗಸ್ಟ್‌ನಲ್ಲಿ ಒಮ್ಮೆ, ಬ್ಲೂ ಆಂಕರ್ ಹಡಗೊಂದು ನಿಧಾನವಾಗಿ ಡರ್ಬನ್ ಕಡೆ ಬರುತ್ತಿದೆ ಎಂಬ ತಂತಿ ಬಂತು. ಆಸ್ಟ್ರೇಲಿಯಾದ ಸಂಸತ್ತಿನಲ್ಲಿ ಕಲಾಪ ನಿಲ್ಲಿಸಿ ಅದನ್ನು ಓದಿದರು. ಸುದ್ದಿ ಸುಳ್ಳಾಯಿತು.

ನಿಜವಾದ ಗೋಜಲು ಶುರುವಾಗುವುದು 1910ರ ಡಿಸೆಂಬರ್‌ನಲ್ಲಿ ಲಂಡನ್‌ನಲ್ಲಿ ನಡೆದ ವಿಚಾರಣೆಯಿಂದ. ಹಿಂದೆ ಈ ಹಡಗಿನಲ್ಲಿ ಹೋಗಿಬಂದವರು ಸಾಕ್ಷಿ ಹೇಳಿದರು. ಅಲುಗಾಡದ ಒಳ್ಳೆ ಹಡಗು ಎಂದರು ಕೆಲವರು. ಒಂದು ಕಡೆ ವಾಲಿದರೆ ಬೇಗ ಏಳುತ್ತಲೇ ಇರಲಿಲ್ಲ ಎಂದರು ಇನ್ನು ಕೆಲವರು. ಎರಡೂ ನಿಜವಿರಬಹುದು. ಹುಲ್ಲು ಹೇರಿದ ಲಾರಿ ತಿರುವಿನಲ್ಲಿ ವಾಲುವುದನ್ನು ನೋಡಿದ್ದೀರಲ್ಲ, ಭಾರ ಮೇಲಿದ್ದಷ್ಟೂ ನೆಟ್ಟಗಾಗುವುದು ನಿಧಾನ. ತಳಭಾರ ಜಾಸ್ತಿ ಇರುವ ಹಡಗು ಥಟ್ಟನೆ ಏಳುತ್ತದೆ, ಒಳಗಿದ್ದವರಿಗೆ ಹೊಟ್ಟೆ ತೊಳಸುತ್ತದೆ. ನಿಧಾನ ವಾಲುವ ಹಡಗಿನಲ್ಲಿ ಪ್ರಯಾಣಿಕರಿಗೆ ಆರಾಮ, ಆದರೆ ಅಪಾಯ ಅದರಲ್ಲೇ ಹೆಚ್ಚು.

ಸಾಕ್ಷಿ ಹೇಳಿದವರಲ್ಲಿ ಭೌತವಿಜ್ಞಾನಿ ವಿಲಿಯಂ ಬ್ರ್ಯಾಗ್ ಕೂಡ ಇದ್ದರು. ಮುಂದೆ 1915ರಲ್ಲಿ ಮಗನ ಜೊತೆ ನೊಬೆಲ್ ಪಡೆದವರು. ಅಡಿಲೇಡ್‌ನಿಂದ ಇಂಗ್ಲೆಂಡಿಗೆ ಅವರು ಇದೇ ಹಡಗಿನ ಮೊದಲ ಪ್ರಯಾಣದಲ್ಲಿ ಬಂದಿದ್ದರು. ಹಡಗಿನ ಸಮತೋಲನ ಸರಿಯಿರಲಿಲ್ಲ ಎಂದೇ ಅವರ ಮಾತು. ಕಟ್ಟಿದವರು ಮಾತ್ರ ತಮ್ಮ ಲೆಕ್ಕ ಮುಂದಿಟ್ಟು ಎಲ್ಲವೂ ಸರಿಯಿತ್ತು ಎಂದರು.

ಕ್ಲಾಡ್ ಸಾಯರ್ ಎಂಬ ಎಂಜಿನಿಯರ್‌ನ ಸಾಕ್ಷಿ ಎಲ್ಲರಿಗೂ ಗೊತ್ತು. ಕತ್ತಿ ಮತ್ತು ರಕ್ತಸಿಕ್ತ ಬಟ್ಟೆ ಹಿಡಿದ ಮನುಷ್ಯ ಕನಸಿನಲ್ಲಿ ಮತ್ತೆ ಮತ್ತೆ ಬಂದ, ಅದಕ್ಕೇ ಡರ್ಬನ್‌ನಲ್ಲಿ ಇಳಿದುಬಿಟ್ಟ ಎಂದು ಇವತ್ತಿಗೂ ಬರೆಯುತ್ತಾರೆ. ಆದರೆ ಆತ ಹೆಂಡತಿಗೆ ಕಳಿಸಿದ ತಂತಿಯಲ್ಲಿ ಕನಸಿನ ಸುದ್ದಿಯೇ ಇರಲಿಲ್ಲ. ಹಡಗಿನ ತಲೆ ಭಾರ ಅನ್ನಿಸಿತು, ಇಳಿದೆ ಎಂದಷ್ಟೇ ಇತ್ತು. ಸ್ನಾನದ ತೊಟ್ಟಿಯಲ್ಲಿ ನೀರು ಒಂದು ಕಡೆ ವಾಲಿ ಹಾಗೇ ನಿಂತಿದ್ದನ್ನೂ ಆತ ಕಂಡಿದ್ದ. ನೂರು ವರ್ಷಗಳಿಂದ ಕನಸಿಗೆ ಸಿಕ್ಕ ಜಾಗ ಆ ತೊಟ್ಟಿಗೆ ಸಿಕ್ಕಿಲ್ಲ.

1911ರ ಫೆಬ್ರವರಿಯಲ್ಲಿ ತೀರ್ಪು ಬಂತು. 28ರ ಬಿರುಗಾಳಿಯಲ್ಲಿ, ಬಹುಶಃ ಮಗುಚಿಕೊಂಡು ಮುಳುಗಿತು ಎಂದು. ಹೊಸ ಹಡಗಿನ ಮೊದಲ ಪ್ರಯಾಣದ ನಡವಳಿಕೆ ಬಗ್ಗೆ, ಅನುಭವಸ್ಥ ಕ್ಯಾಪ್ಟನ್ ಇಲ್ಬೆರಿ ಕಂಪನಿಗೆ ವಿವರವಾಗಿ ಏನೂ ಬರೆದಿಲ್ಲ ಎನ್ನುವುದು ಕೋರ್ಟಿಗೂ ವಿಚಿತ್ರವೆನಿಸಿತು. ಓದುವವರಿಗೂ ಅನಿಸುತ್ತದೆ, ಅಲ್ವಾ? ಅಷ್ಟರಲ್ಲಿ ಬ್ಲೂ ಆಂಕರ್ ತನ್ನ ಹಡಗುಗಳನ್ನು ಪಿ ಅಂಡ್ ಒ ಕಂಪನಿಗೆ ಮಾರಿಬಿಟ್ಟಿತ್ತು. ಮರು ವರ್ಷ ಟೈಟಾನಿಕ್ ಮುಳುಗಿತು, ಪತ್ರಿಕೆಗಳ ಕಣ್ಣು ಆ ಕಡೆ ತಿರುಗಿತು.

ನಂತರದ ದಶಕಗಳೆಲ್ಲ "ನಾನು ಕಂಡೆ" ಎಂದವರ ಕಾಲ. 1999ರಲ್ಲಿ ಎಮ್ಲಿನ್ ಬ್ರೌನ್ ತಂಡ ಹಡಗು ಸಿಕ್ಕಿತು ಎಂದು ಘೋಷಿಸಿತು. 2001ರಲ್ಲಿ ಕೆಳಗಿಳಿದು ನೋಡಿದರೆ ಯುದ್ಧ ಟ್ಯಾಂಕುಗಳು! ಅದು ಎರಡನೇ ಮಹಾಯುದ್ಧದಲ್ಲಿ ಮುಳುಗಿದ ನೈಲ್‌ಸೀ ಮೆಡೋ ಎಂಬ ಸರಕು ಹಡಗು. ವರ್ಷಾನುಗಟ್ಟಲೆ ಹುಡುಕಿದ್ದ ಬ್ರೌನ್ 2004ರಲ್ಲಿ ಕೈಚೆಲ್ಲಿದರು.

ನಾಳೆ ವಾರಟಾ ಸಿಕ್ಕರೂ, ತಳ ಮೇಲಾಗಿ ಬಿದ್ದಿದ್ದರೆ ಮಗುಚಿದ್ದು ನಿಜ ಎಂದಾಗುತ್ತದೆ, ಅಷ್ಟೇ. ಆ ಭಾರ ಮೇಲೇರಿದ್ದು ಹೇಗೆ, ಅದು ಯಾರಿಗೆ ಎಷ್ಟು ಮುಂಚೆ ಗೊತ್ತಿತ್ತು ಎನ್ನುವುದು ಸಮುದ್ರದ ತಳದಲ್ಲಿ ಸಿಗುವಂಥದ್ದಲ್ಲ. ಅದು ಕಂಪನಿಯ ಕಡತದಲ್ಲಿ ಇರಬೇಕಿತ್ತು.