ಕಲ್ಚರ್ ಕೋಶಗಳ ಬೆಳವಣಿಗೆ: ಬಿಸಿ, ನೆಲ, ಹರಿವು

ಕಲ್ಚರ್‌ನಲ್ಲಿ, ಅಂದರೆ ಲ್ಯಾಬ್‌ನ ಪಾತ್ರೆಯಲ್ಲಿ, ಸಸ್ತನಿ ಕೋಶಗಳು ಹೇಗೆ ಬೆಳೆಯುತ್ತವೆ ಅಂತ ಪರೀಕ್ಷೆಯಲ್ಲಿ ಕೇಳಿದರೆ ನಾವೆಲ್ಲ ಮೀಡಿಯಂ (ಕೋಶಗಳಿಗೆ ಆಹಾರ ಕೊಡುವ ದ್ರವ), ಸೀರಮ್, ಗ್ರೋತ್ ಫ್ಯಾಕ್ಟರ್ (ಬೆಳೆಯಲು ಸೂಚನೆ ಕೊಡುವ ಪ್ರೋಟೀನ್) ಅಂತ ಬರೆದು ಮುಗಿಸಿಬಿಡುತ್ತೇವೆ. ಆದರೆ ಮೀಡಿಯಂ ಒಂದೇ ಇದ್ದರೂ ಬಿಸಿ, ಕೋಶ ಅಂಟಿಕೊಂಡ ನೆಲ, ಸುತ್ತಲಿನ ದ್ರವದ ಹರಿವು ಬದಲಾದರೆ ಕೋಶದ ನಡವಳಿಕೆ ಬೇರೆಯಾಗಬಹುದು.

ಮೊದಲು ಬಿಸಿ. ರಾಯಚೂರಿನಲ್ಲಿ ಓದುವವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ, ಅಲ್ವಾ? ಕೋಶಗಳಿಗೆ 37 ಡಿಗ್ರಿ ಬೇಕು. ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯಾದ ಸಾಮಾನ್ಯ ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರ್‌ಗೆ ಕಾಯಿಸುವುದು ಮಾತ್ರ ಗೊತ್ತು, ತಣಿಸುವುದು ಗೊತ್ತಿಲ್ಲ. ಕೋಣೆ ಅದಕ್ಕಿಂತ ಸುಮಾರು 5 ಡಿಗ್ರಿಯಾದರೂ ತಂಪಾಗಿದ್ದರೆ ಅದು 37ಕ್ಕೆ ಸರಿಯಾಗಿ ನಿಲ್ಲುತ್ತದೆ. ಮೇ ತಿಂಗಳಲ್ಲಿ ಹೊರಗೆ 40 ದಾಟಿರುತ್ತದೆ. ಕರೆಂಟ್ ಹೋಗಿ ಎಸಿ ನಿಂತರೆ, ಯುಪಿಎಸ್ ಮೇಲೆ ಓಡುವ ಇನ್‌ಕ್ಯುಬೇಟರ್ ಕೂಡ ನಿಧಾನಕ್ಕೆ 38, 39 ಅಂತ ಏರತೊಡಗುತ್ತದೆ. ಹಾಗಾಗಿ ಬ್ಯಾಕಪ್ ಎಸಿಗೂ ಬೇಕು. ಸ್ವಲ್ಪ ತಣ್ಣಗಾದರೆ ಅಷ್ಟು ಗಾಬರಿ ಬೇಡ, ಕೋಶಗಳು ನಿಧಾನವಾಗುತ್ತವೆ ಅಷ್ಟೇ. ಔಷಧದ ಪ್ರೋಟೀನ್ ತಯಾರಿಸುವವರು ಹ್ಯಾಮ್‌ಸ್ಟರ್ ಅಂಡಾಶಯದ ಕೋಶಗಳನ್ನು ಬೇಕಂತಲೇ 30-33 ಡಿಗ್ರಿಗೆ ಇಳಿಸುವುದುಂಟು. ವಿಭಜನೆ ಕಡಿಮೆಯಾಗುತ್ತದೆ, ಎಷ್ಟೋ ಸಲ ಪ್ರೋಟೀನ್ ಜಾಸ್ತಿ ಸಿಗುತ್ತದೆ.

ಇನ್ನು ನೆಲ, ಅಂದರೆ ಕೋಶ ಅಂಟಿಕೊಂಡು ಬೆಳೆಯುವ ಮೇಲ್ಮೈ. ನನಗಂತೂ ಈ ಪಾಠದ ರುಚಿಯೆಲ್ಲ ಇಲ್ಲೇ ಇದೆ. ನಾವು ಬಳಸುವ ಫ್ಲಾಸ್ಕ್‌ನ ಪ್ಲಾಸ್ಟಿಕ್ ಮೆದುಳಿಗಿಂತ ಲಕ್ಷಾಂತರ ಪಟ್ಟು ಗಟ್ಟಿ. ಕೋಶ ತನ್ನ ಹೊರಪೊರೆಯ ಇಂಟೆಗ್ರಿನ್ ಪ್ರೋಟೀನ್‌ಗಳಿಂದ ನೆಲವನ್ನು ಹಿಡಿದು, ಒಳಗಿನ ಆಕ್ಟಿನ್ ಎಳೆಗಳಿಂದ ಜಗ್ಗಿ ನೋಡುತ್ತದೆ. ನೆಲ ಬಗ್ಗಲಿಲ್ಲವೋ, ಎಳೆತ ಹೆಚ್ಚಿ ಕೋಶ ಅಗಲವಾಗಿ ಹರಡಿಕೊಳ್ಳುತ್ತದೆ. ಆಗ ಯಾಪ್ (YAP) ಅನ್ನುವ ಪ್ರೋಟೀನ್ ನ್ಯೂಕ್ಲಿಯಸ್ ಸೇರಿ ವಿಭಜನೆಗೆ ಬೇಕಾದ ಜೀನ್‌ಗಳನ್ನು ಎಬ್ಬಿಸುತ್ತದೆ. ನೆಲ ಮೆತ್ತಗಿದ್ದರೆ ಯಾಪ್ ಹೆಚ್ಚಾಗಿ ನ್ಯೂಕ್ಲಿಯಸ್‌ನ ಹೊರಗೆ, ಸೈಟೋಪ್ಲಾಸಂನಲ್ಲೇ ಉಳಿಯುತ್ತದೆ.

2006ರಲ್ಲಿ ಎಂಗ್ಲರ್, ಡಿಶರ್ ಮತ್ತು ಜೊತೆಯ ವಿಜ್ಞಾನಿಗಳು ಮೂಳೆಮಜ್ಜೆಯ ಕಾಂಡಕೋಶಗಳನ್ನು (ಬೇರೆಬೇರೆ ಬಗೆಯ ಕೋಶಗಳಾಗಬಲ್ಲ ಸ್ಟೆಮ್ ಸೆಲ್) ಬೇರೆಬೇರೆ ಗಡಸುತನದ ಜೆಲ್ ಮೇಲೆ ಬೆಳೆಸಿದರು. ಮೀಡಿಯಂ ಎಲ್ಲದಕ್ಕೂ ಒಂದೇ. 1 ಕಿಲೋಪಾಸ್ಕಲ್‌ಗಿಂತ (ಇದು ಗಡಸುತನದ ಅಳತೆ) ಮೆತ್ತಗಿನ ಜೆಲ್ ಮೇಲೆ ಅವು ನರಕೋಶದಂತೆ ಕವಲೊಡೆದವು. 10ರ ಆಸುಪಾಸಿನಲ್ಲಿ ಸ್ನಾಯುವಿನ ಲಕ್ಷಣ, 30ರ ಹತ್ತಿರ ಮೂಳೆಯ ಲಕ್ಷಣ. ಈ ಮೂರು ಅಂಕಿ ನೆನಪಿಟ್ಟುಕೊಳ್ಳಿ, ಉತ್ತರಕ್ಕೆ ತೂಕ ಬರುತ್ತದೆ.

ಹರಿವಿನ ಬಗ್ಗೆ ಎರಡು ಮಾತು ಸಾಕು. ರಕ್ತನಾಳದ ಒಳಪದರದ ಕೋಶಗಳು ಹರಿವಿನ ದಿಕ್ಕಿಗೆ ಉದ್ದವಾಗಿ ಸಾಲುಗೂಡುತ್ತವೆ, ಒಂದೇ ಸಮನೆ ಹರಿದರೆ ವಿಭಜನೆಯೂ ತಗ್ಗುತ್ತದೆ. ಕೋಶ ಬೆಳೆಸುವ ದೊಡ್ಡ ಟ್ಯಾಂಕ್‌ಗಳಲ್ಲಿ (ರಿಯಾಕ್ಟರ್) ಕಲಕುವ ರೆಕ್ಕೆಗಿಂತ ಮೇಲೆ ಬಂದು ಒಡೆಯುವ ಗಾಳಿಗುಳ್ಳೆಗಳೇ ಕೋಶಗಳಿಗೆ ಹೆಚ್ಚು ಅಪಾಯ.

ಪ್ರಾಕ್ಟಿಕಲ್‌ಗೆ ಒಂದು ಮಾತು. ಕೋಶ ಹಾಕಿದ ಪ್ಲೇಟನ್ನು ಸುಮ್ನೆ ಗುಂಡಗೆ ತಿರುಗಿಸಬೇಡಿ, ಎಲ್ಲವೂ ನಡುವೆ ಗುಂಪಾಗುತ್ತವೆ. ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲ್ಲಾಡಿಸಿ ಇಡಿ.