ಆರುನೂರು ತುಂಡಿನ ಸೆಟ್ಟಿನಲ್ಲಿ ಅಂಥದ್ದೇನಿದೆ?

ಲೆಗೊ ಟೆಕ್ನಿಕ್‌ನಲ್ಲಿ, ಅಂದರೆ ಪ್ಲಾಸ್ಟಿಕ್ ತುಂಡು, ಗೇರ್‌ಗಳನ್ನು ಜೋಡಿಸಿ ಚಲಿಸುವ ಯಂತ್ರ ಕಟ್ಟುವ ಆಟಿಕೆಗಳಲ್ಲಿ, ಯಾವ ಸೆಟ್ ತಗೊಳ್ಳಲಿ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಮಧ್ಯದ್ದು ತಗೊಳ್ಳಿ, ಐನೂರರಿಂದ ಸಾವಿರ ತುಂಡುಗಳ ಒಳಗಿನದ್ದು. ದೊಡ್ಡದಾದರೆ ಇನ್ನೂ ಚೆನ್ನಾಗಿರಲ್ವಾ ಅಂತ ಮರುಪ್ರಶ್ನೆ ಬಂದೇ ಬರುತ್ತದೆ. ದೊಡ್ಡದು ಶೋಕೇಸಿನಲ್ಲಿ ಗತ್ತಾಗಿ ನಿಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದು ಹಿಡಿಕೆ ತಿರುಗಿಸಿದಾಗ ಆ ತಿರುಗಾಟ ಯಾವ ಗೇರಿನಿಂದ ಯಾವ ಗೇರಿಗೆ ದಾಟಿ, ಕೊನೆಗೆ ಎಲ್ಲಿ ಹೋಗಿ ಏನನ್ನು ಎತ್ತುತ್ತದೆ ಅಂತ ಇಡೀ ದಾರಿಯನ್ನು ಒಂದೇ ಸಲಕ್ಕೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳಲು ಆಗುವುದು ಮಧ್ಯಮ ಗಾತ್ರದ ಸೆಟ್ಟಿನಲ್ಲಿ. ಈ ಆಟಿಕೆಗಳ ಖುಷಿ ಇರುವುದೇ ಆ ದಾರಿಯಲ್ಲಿ.

ಒಂದು ಉದಾಹರಣೆ ಇಟ್ಟುಕೊಂಡು ಮಾತಾಡೋಣ. ಡೆನ್ಮಾರ್ಕಿನ ಬಿಲ್ಲುಂಡ್ ಊರಿನ ಲೆಗೊ ಕಂಪನಿ ಈ ಸರಣಿಯನ್ನು ಶುರು ಮಾಡಿದ್ದು 1977ರಲ್ಲಿ. ಟೆಕ್ನಿಕ್ ಅನ್ನುವ ಹೆಸರು ಬಂದಿದ್ದು 1984ರಲ್ಲಿ. ಮೊದಲ ವರ್ಷದ ಸೆಟ್ಟುಗಳಲ್ಲಿ 853 ನಂಬರಿನದು ಒಂದು ಕಾರಿನ ಚಾಸಿ. ಸುಮಾರು 600 ತುಂಡು. ಬಾಡಿ ಇಲ್ಲ, ಬಾಗಿಲಿಲ್ಲ, ಬಾನೆಟ್ಟಿಲ್ಲ. ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಚಕ್ರಗಳು ಹೊರಳುತ್ತವೆ. ಕಾರನ್ನು ನೆಲದ ಮೇಲೆ ತಳ್ಳಿದರೆ ಹಿಂದಿನ ಚಕ್ರದ ತಿರುಗಾಟ ಗೇರ್‌ಬಾಕ್ಸಿಗೆ ಬಂದು, ಅಲ್ಲಿಂದ ಎಂಜಿನ್ನಿಗೆ ಹೋಗಿ, ನಾಲ್ಕು ಪಿಸ್ಟನ್‌ಗಳು ಮೇಲೆ ಕೆಳಗೆ ಆಡುತ್ತವೆ. ಗೇರ್ ಎರಡು. ಲಿವರ್ ಸರಿಸಿದರೆ ಪಿಸ್ಟನ್‌ಗಳ ವೇಗ ಬದಲಾಗುತ್ತದೆ. ನಿಜವಾದ ಕಾರಿನಲ್ಲಿ ಎಂಜಿನ್ ಚಕ್ರವನ್ನು ತಿರುಗಿಸುತ್ತದೆ, ಇಲ್ಲಿ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ದಿಕ್ಕು ಉಲ್ಟಾ, ಆದರೆ ಹಿಂದಿನ ವಿಚಾರ ಅದೇ. ಮತ್ತೆ ಎಲ್ಲವೂ ಕಣ್ಣೆದುರೇ ಇದೆ.

ಇದೆಲ್ಲ ಇಷ್ಟು ಸಲೀಸಾಗಿ ಕೂಡಿಕೊಳ್ಳುವುದರ ಹಿಂದೆ ಒಂದು ಚಂದದ ಲೆಕ್ಕ ಇದೆ. ನನಗೆ ಇದು ತುಂಬಾ ಇಷ್ಟ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಲೆಗೊದಲ್ಲಿ ಒಂದು ತೂತಿನ ನಡುವಿನಿಂದ ಪಕ್ಕದ ತೂತಿನ ನಡುವಿಗೆ 8 ಮಿಲಿಮೀಟರ್. ಗೇರ್‌ಗಳನ್ನು ಹೇಗೆ ಮಾಡಿದ್ದಾರೆ ಅಂದರೆ, ಎಷ್ಟು ಹಲ್ಲೋ ಅಷ್ಟೇ ಮಿಲಿಮೀಟರ್ ಅಡ್ಡಳತೆ. ಹಲ್ಲಿನ ತುದಿಗೆ ಅಳೆಯಬಾರದು, ಎರಡು ಗೇರ್‌ಗಳು ಕಚ್ಚಿಕೊಳ್ಳುವ ಗೆರೆಯಲ್ಲಿ ಅಳೆಯಬೇಕು. 8 ಹಲ್ಲಿನದಕ್ಕೆ 8 ಮಿ.ಮೀ., 24 ಹಲ್ಲಿನದಕ್ಕೆ 24 ಮಿ.ಮೀ. ಈಗ ಇವೆರಡೂ ಕಚ್ಚಿಕೊಂಡು ತಿರುಗಬೇಕಾದರೆ ಅವುಗಳ ಆಕ್ಸಲ್‌ಗಳ, ಅಂದರೆ ಗೇರ್ ಕೂರುವ ಕಡ್ಡಿಗಳ, ನಡುವೆ ಎಷ್ಟು ದೂರ ಬೇಕು? ಇದರ ಅರ್ಧ, ಅದರ ಅರ್ಧ: 4 ಮತ್ತು 12 ಕೂಡಿದರೆ 16 ಮಿ.ಮೀ. ಅಂದರೆ ಸರಿಯಾಗಿ ಎರಡು ತೂತಿನ ದೂರ! 16 ಹಲ್ಲಿನ ಎರಡು ಗೇರ್ ಇಟ್ಟರೆ 8 ಮತ್ತು 8, ಮತ್ತೆ ಅದೇ 16. ಹನ್ನೆರಡು ಹಲ್ಲಿನದಕ್ಕೆ ಇಪ್ಪತ್ತರದ್ದು ಸೇರಿಸಿದರೂ ಅದೇ. ಎರಡರ ಹಲ್ಲು ಕೂಡಿ 32 ಬಂದರೆ ಎರಡು ತೂತಿನ ದೂರಕ್ಕೆ ಕೂರುತ್ತದೆ, 48 ಬಂದರೆ ಮೂರು ತೂತಿನ ದೂರಕ್ಕೆ: 40ಕ್ಕೆ 8, 36ಕ್ಕೆ 12, 24ಕ್ಕೆ 24.

ಎರಡು ಗೇರಿನ ಗೇರ್‌ಬಾಕ್ಸ್ ಇಷ್ಟು ಸುಲಭವಾಗಿ ಆಗುವುದು ಇದರಿಂದಲೇ. ಅಕ್ಕಪಕ್ಕ ಎರಡು ಆಕ್ಸಲ್, ನಡುವೆ 16 ಮಿ.ಮೀ. ಒಂದು ಕಡೆ 16-16ರ ಜೋಡಿ, ಇನ್ನೊಂದು ಕಡೆ 8-24ರ ಜೋಡಿ. ಆಕ್ಸಲ್ ಕದಲಿಸುವುದೇ ಬೇಡ, ಜೋಡಿ ಬದಲಾಯಿಸಿದರೆ ಸಾಕು, ಒಂದಕ್ಕೊಂದು ಇದ್ದ ವೇಗ ಮೂರಕ್ಕೊಂದು ಆಗುತ್ತದೆ. ಮೊದಲೇ ಯಾರೋ ಕೂತು ಯೋಚಿಸಿ ಹಲ್ಲುಗಳನ್ನು ಎಣಿಸಿಟ್ಟಿದ್ದಕ್ಕೆ ನಿಮ್ಮ ಕೈಗೆ ಬಂದಾಗ ಅದು ಥಟ್ಟನೆ ಕೂರುತ್ತದೆ.

ಈ ಉಪಾಯ ಲೆಗೊದವರಿಗಿಂತ ಹಳೆಯದು. ಲಿವರ್‌ಪೂಲ್‌ನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಪೇಟೆಂಟ್ ಪಡೆದು, 1907ರಲ್ಲಿ ಮೆಕ್ಯಾನೊ ಅಂತ ಹೆಸರಿಟ್ಟ ಸೆಟ್ಟಿನಲ್ಲೂ ಇಂಥದ್ದೇ ಲೆಕ್ಕ. ಅಲ್ಲಿ ತೂತಿನಿಂದ ತೂತಿಗೆ ಅರ್ಧ ಇಂಚು. 57 ಹಲ್ಲಿನ ಗೇರಿಗೆ 19 ಹಲ್ಲಿನದು ಸೇರಿಸಿದರೆ ಸರಿಯಾಗಿ ಒಂದು ಇಂಚಿಗೆ ಕೂತು, ವೇಗ ಮೂರರಲ್ಲಿ ಒಂದು ಪಾಲಾಗುತ್ತದೆ. 95ಕ್ಕೆ 19 ಸೇರಿಸಿದರೆ ಒಂದೂವರೆ ಇಂಚು, ವೇಗ ಐದರಲ್ಲಿ ಒಂದು. ನಮ್ಮಲ್ಲಿ ಮೆಕ್ಯಾನಿಕ್ಸ್ ಅನ್ನುವ ಹೆಸರಿನಲ್ಲಿ ಸಿಗುವ ಲೋಹದ ಪಟ್ಟಿ, ನಟ್ಟು ಬೋಲ್ಟಿನ ಸೆಟ್ಟೂ ಇದೇ ವಂಶದ್ದು.

ಮೆಕ್ಯಾನೊ ಬರೀ ಮಕ್ಕಳಾಟ ಅಂದುಕೊಳ್ಳಬೇಡಿ. 1934ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಡಗ್ಲಸ್ ಹಾರ್ಟ್ರೀ ಮತ್ತು ಅವರ ವಿದ್ಯಾರ್ಥಿ ಆರ್ಥರ್ ಪೋರ್ಟರ್ ಹೆಚ್ಚಾಗಿ ಮೆಕ್ಯಾನೊ ತುಂಡುಗಳಿಂದಲೇ ಒಂದು ಲೆಕ್ಕದ ಯಂತ್ರ ಕಟ್ಟಿದರು. ಡಿಫರೆನ್ಷಿಯಲ್ ಅನಲೈಸರ್ ಅಂತ ಅದರ ಹೆಸರು. ತಟ್ಟೆಯ ಮೇಲೆ ಚಕ್ರ ಉರುಳಿಸಿ, ಆ ತಿರುಗಾಟವನ್ನು ಶಾಫ್ಟು ಗೇರ್‌ಗಳ ಮೂಲಕ ಹಾಯಿಸಿ, ಕಾಗದದ ಮೇಲೆ ಬಿಡಿಸಲು ಕಷ್ಟವಾದ ಸಮೀಕರಣಗಳಿಗೆ ಅದು ಉತ್ತರ ತೆಗೆಯುತ್ತಿತ್ತು. ಉತ್ತರ ಕೆಲವು ಶೇಕಡಾ ಆಚೀಚೆ ಆಗುತ್ತಿತ್ತು, ಆದರೂ ಪರಮಾಣುಗಳ ರಚನೆಯ ಲೆಕ್ಕಕ್ಕೆ ಅದನ್ನು ಬಳಸಿದರು. ಕ್ಯಾಲ್ಕುಲಸ್ಸನ್ನು ಕಣ್ಣಿಂದ ನೋಡಬಹುದಾದ ಯಂತ್ರ ಅದು, ನನಗಂತೂ ಅದರ ಫೋಟೋ ನೋಡಿದರೇ ಸಂತೋಷವಾಗುತ್ತದೆ.

ಮತ್ತೆ ನಮ್ಮ ಆರುನೂರು ತುಂಡಿಗೆ ಬರೋಣ. ಗೇರ್ ಕೂರಿಸುವುದಕ್ಕೂ ಮೊದಲು ಚೌಕಟ್ಟು ಗಟ್ಟಿಯಾಗಬೇಕು. ನಾಲ್ಕು ಕೋಲುಗಳನ್ನು ಮೂಲೆಗೊಂದೊಂದು ಪಿನ್ ಹಾಕಿ ಚೌಕ ಮಾಡಿ ನೋಡಿ, ಹಳೇ ಮಂಚದ ಹಾಗೆ ಓಲಾಡುತ್ತದೆ. ಮೂರು ಕೋಲಿನ ತ್ರಿಕೋನ ಓಲಾಡುವುದಿಲ್ಲ, ಯಾಕೆಂದರೆ ಮೂರು ಬದಿಯ ಉದ್ದ ನಿಗದಿಯಾದ ಮೇಲೆ ಕೋನಗಳೂ ನಿಗದಿಯಾದವು, ಬದಲಾಗಲು ಜಾಗವೇ ಇಲ್ಲ. ಹಾಗಾಗಿ ಚೌಕಕ್ಕೆ ಒಂದು ಅಡ್ಡಕೋಲು ಹಾಕಬೇಕು. ಆದರೆ ಲೆಗೊದಲ್ಲಿ ಎಲ್ಲವೂ ತೂತಿನ ಲೆಕ್ಕ, ಅಡ್ಡಕೋಲಿನ ತೂತು ಸರಿಯಾಗಿ ಮೂಲೆಗೆ ಸಿಗಬೇಕಲ್ಲ? ಅಲ್ಲಿ ಪೈಥಾಗೊರಸ್ ಬರುತ್ತಾನೆ. 3, 4, 5. ಒಂದು ಬದಿ ಮೂರು ಅಂತರ, ಇನ್ನೊಂದು ನಾಲ್ಕು, ಅಡ್ಡಕೋಲು ಐದು. ಎಣಿಸುವಾಗ ಹುಷಾರು: ಎಣಿಸಬೇಕಾದ್ದು ತೂತುಗಳ ನಡುವಿನ ಅಂತರಗಳನ್ನು. ಮೂರು ಅಂತರಕ್ಕೆ ನಾಲ್ಕು ತೂತು, ನಾಲ್ಕಕ್ಕೆ ಐದು, ಐದಕ್ಕೆ ಆರು. ಸರಿಯಾಗಿ ಎಣಿಸಿದರೆ ಕೊನೆಯ ಪಿನ್ನು ಯಾವ ಒತ್ತಾಯವೂ ಇಲ್ಲದೆ ಒಳಗೆ ಹೋಗುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಬೆರಳಿಗೆ ತಾಗುವುದು ಅಂದರೆ ಇದು.

ಗಟ್ಟಿಯಾಗುವುದರ ಜೊತೆಗೆ ಇನ್ನೊಂದು ಸಂಗತಿ ಇದೆ. ಒಂದು ಆಕ್ಸಲ್ ಎರಡು ತೂತಿನಲ್ಲಿ ಹಾದರೆ ಆರಾಮಾಗಿ ತಿರುಗುತ್ತದೆ. ಮೂರನೇ ತೂತು ಸೇರಿಸಿ, ಅದು ಕೂದಲೆಳೆಯಷ್ಟು ಆಚೆ ಇದ್ದರೂ ಆಕ್ಸಲ್ ಬಿಗಿಯುತ್ತದೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಪ್ರತಿ ಹಂತದಲ್ಲೂ ಒಮ್ಮೆ ತಿರುಗಿಸಿ ನೋಡಿ, ಪುಸ್ತಕದಲ್ಲಿ ಹೇಳದಿದ್ದರೂ ನೋಡಿ. ಬಿಗಿ ಎಲ್ಲಿ ಶುರುವಾಯಿತು ಅಂತ ಆಗಲೇ ಗೊತ್ತಾದರೆ ಎರಡು ಪಿನ್ ತೆಗೆದು ಸರಿಮಾಡಬಹುದು. ಬೆರಳಿಗೆ ಗೊತ್ತಾಗುವುದು ಕಣ್ಣಿಗೆ ಗೊತ್ತಾಗುವುದಿಲ್ಲ.

8ರಿಂದ 24ಕ್ಕೆ ದಾಟಿಸಿದರೆ ವೇಗ ಮೂರರಲ್ಲಿ ಒಂದು ಪಾಲು, ತಿರುಚುವ ಬಲ ಮೂರು ಪಟ್ಟು. ಇಂಥ ಮೂರು ಹಂತ ಜೋಡಿಸಿದರೆ 27 ಪಟ್ಟು. ಕೇಳಲು ಚೆನ್ನಾಗಿದೆ, ಆದರೆ ಹಲ್ಲು ಹಲ್ಲು ತಿಕ್ಕುವ ಕಡೆಯೆಲ್ಲ ಸ್ವಲ್ಪ ಬಲ ಸೋರುತ್ತದೆ. ಅದೇ ಸಾಲನ್ನು ಹಿಂದಿನಿಂದ, ನಿಧಾನದ ತುದಿಯಿಂದ ತಿರುಗಿಸಲು ನೋಡಿ: ಆಚೆ ತುದಿಯ ಚಿಕ್ಕ ತಿಕ್ಕಾಟವೇ 27 ಪಟ್ಟಾಗಿ ನಿಮ್ಮ ಕೈಗೆ ಬರುತ್ತದೆ, ಪ್ಲಾಸ್ಟಿಕ್ ಆಕ್ಸಲ್ ಹುರಿಯಾಗಿ ತಿರುಚಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಸ್ಕ್ರೂ ಹಾಗೆ ಸುರುಳಿ ಹಲ್ಲಿರುವ ವರ್ಮ್ ಗೇರಿನಲ್ಲಿ ಇದು ತುದಿ ಮುಟ್ಟುತ್ತದೆ. ವರ್ಮ್ ಒಂದು ಸುತ್ತು ತಿರುಗಿದರೆ ಎದುರಿನ ಗೇರ್ ಒಂದೇ ಒಂದು ಹಲ್ಲು ಸರಿಯುತ್ತದೆ, 24 ಹಲ್ಲಿನದು ಪೂರ್ತಿ ಸುತ್ತಲು 24 ಸುತ್ತು ಬೇಕು. ಗೇರಿನಿಂದ ವರ್ಮ್ ತಿರುಗಿಸಲು ಹೋದರೆ ತಿಕ್ಕಾಟವೇ ಗೆಲ್ಲುತ್ತದೆ, ಆಗುವುದೇ ಇಲ್ಲ. ಆಟಿಕೆ ಕ್ರೇನಿನ ಹಿಡಿಕೆ ಬಿಟ್ಟರೂ ಕೊಕ್ಕೆ ದಬಕ್ಕನೆ ಕೆಳಗೆ ಬೀಳದಂತೆ ತಡೆಯುವುದಕ್ಕೆ ವರ್ಮ್ ಬಳಸುತ್ತಾರೆ.

ಇನ್ನು ಕಾರಿನ ಎರಡು ಚಕ್ರಗಳ ನಡುವೆ ಕೂರುವ ಗೇರ್ ಜೋಡಣೆ, ಡಿಫರೆನ್ಷಿಯಲ್. 1980ರ 8860 ನಂಬರಿನ ಚಾಸಿಯಲ್ಲಿ ಲೆಗೊದವರು ಇದನ್ನು ಕೊಟ್ಟರು. ಕಾರು ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಜಾಸ್ತಿ ದೂರ ಓಡಬೇಕು. ಎಷ್ಟು ಜಾಸ್ತಿ? ಎರಡು ಚಕ್ರಗಳ ನಡುವೆ ಒಂದೂವರೆ ಮೀಟರ್ ಇದ್ದರೆ ಒಂದು ಪೂರ್ತಿ ಸುತ್ತಿಗೆ ಸುಮಾರು 9.4 ಮೀಟರ್. ಚೆಂದ ಏನೆಂದರೆ, ಚಿಕ್ಕ ಸುತ್ತು ಹೊಡೆದರೂ ಇಷ್ಟೇ, ಊರಿಗೇ ಸುತ್ತು ಹೊಡೆದರೂ ಇಷ್ಟೇ! ಎರಡೂ ಚಕ್ರಗಳು ಒಂದೇ ಗಟ್ಟಿ ಆಕ್ಸಲ್‌ಗೆ ಸೇರಿದ್ದರೆ ಒಂದು ಚಕ್ರ ನೆಲವನ್ನು ಉಜ್ಜಲೇಬೇಕು. ಡಿಫರೆನ್ಷಿಯಲ್ ಎರಡಕ್ಕೂ ಬಲ ಕೊಟ್ಟು, ವೇಗ ಹಂಚಿಕೊಳ್ಳಲು ಅವಕ್ಕೇ ಬಿಡುತ್ತದೆ. ಓದಿ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ. ಆಟಿಕೆಯ ಒಂದು ಚಕ್ರ ಹಿಡಿದು ಶಾಫ್ಟ್ ತಿರುಗಿಸಿ, ಇನ್ನೊಂದು ಚಕ್ರ ಎರಡರಷ್ಟು ಜೋರಾಗಿ ಓಡುತ್ತದೆ. ಶಾಫ್ಟ್ ಹಿಡಿದು ಒಂದು ಚಕ್ರ ಮುಂದೆ ತಿರುಗಿಸಿ, ಇನ್ನೊಂದು ಹಿಂದೆ ತಿರುಗುತ್ತದೆ. ಒಂದು ನಿಮಿಷದ ಕೆಲಸ ಇದು.

ಗೊತ್ತಿದೆ ಅಂದುಕೊಂಡಿದ್ದಕ್ಕೂ ನಿಜವಾಗಿ ಗೊತ್ತಿರುವುದಕ್ಕೂ ಎಷ್ಟು ದೂರ ಅನ್ನುವುದನ್ನು 2002ರಲ್ಲಿ ಯೇಲ್ ವಿಶ್ವವಿದ್ಯಾಲಯದ ಲಿಯೊನಿಡ್ ರೋಜನ್‌ಬ್ಲಿಟ್ ಮತ್ತು ಫ್ರಾಂಕ್ ಕೈಲ್ ತೋರಿಸಿದರು. ಜಿಪ್ಪು, ಬೀಗ, ಟಾಯ್ಲೆಟ್ಟಿನ ಫ್ಲಶ್ ಇಂಥವು ಹೇಗೆ ಕೆಲಸ ಮಾಡುತ್ತವೆ ಅಂತ ನಿಮಗೆ ಎಷ್ಟು ಗೊತ್ತು, ಅಂಕ ಕೊಟ್ಟುಕೊಳ್ಳಿ ಅಂದರು. ಜನ ಒಳ್ಳೇ ಅಂಕವನ್ನೇ ಕೊಟ್ಟುಕೊಂಡರು. ಆಮೇಲೆ ಹಂತ ಹಂತವಾಗಿ ವಿವರಿಸಿ ಅಂದಾಗ ಪೆನ್ನು ಅಲ್ಲಲ್ಲೇ ನಿಂತಿತು, ಅಂಕ ಇಳಿಯಿತು. ಟೆಕ್ನಿಕ್ ಸೆಟ್ ಕಟ್ಟುವುದು ಅಂದರೆ ಇದೇ ಪರೀಕ್ಷೆ ಕೈಯಲ್ಲಿ ಬರೆಯುವುದು, ಆದರೆ ಇಲ್ಲಿ ಪೆನ್ನು ನಿಲ್ಲುವ ಜಾಗದಲ್ಲಿ ಒಂದು ಗೇರ್ ಇರುತ್ತದೆ. ಅದನ್ನು ಕೂರಿಸದೆ ಮುಂದೆ ಹೋಗಲು ಆಗುವುದಿಲ್ಲ.

ಮುಗಿಸುವುದೂ ಮುಖ್ಯ. ಮೈಕೆಲ್ ನಾರ್ಟನ್, ಡೇನಿಯಲ್ ಮೋಚನ್, ಡ್ಯಾನ್ ಏರಿಯಲಿ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನ ತಾವೇ ಜೋಡಿಸಿದ ವಸ್ತುವಿಗೆ ಜಾಸ್ತಿ ಬೆಲೆ ಕಟ್ಟಿದರು, ಆದರೆ ಅರ್ಧಕ್ಕೇ ನಿಂತಾಗ ಅಥವಾ ಕಟ್ಟಿದ್ದನ್ನು ಬಿಚ್ಚಿದಾಗ ಆ ಪ್ರೀತಿ ಹೋಯಿತು. ಅದಕ್ಕೂ ಮೊದಲು, 2008ರ ಇನ್ನೊಂದು ಪ್ರಯೋಗದಲ್ಲಿ, ದುಡ್ಡು ಕೊಟ್ಟು ಲೆಗೊ ಬಯೋನಿಕಲ್ ಗೊಂಬೆ ಕಟ್ಟಿಸಿದ್ದರು. ಕಟ್ಟಿದ್ದನ್ನು ಮೇಜಿನ ಮೇಲೆ ಸಾಲಾಗಿ ಉಳಿಸಿದ ಗುಂಪು ಸರಾಸರಿ 10.6 ಕಟ್ಟಿತು. ಯಾರು ಕಟ್ಟಿದ್ದನ್ನು ಅವರ ಕಣ್ಣೆದುರೇ ಬಿಚ್ಚುತ್ತಿದ್ದರೋ ಆ ಗುಂಪು 7.2ಕ್ಕೆ ಸಾಕು ಅಂದಿತು. ಕೂಲಿ ಇಬ್ಬರಿಗೂ ಒಂದೇ.

ದೊಡ್ಡ ಸೆಟ್ಟಿನ ತೊಂದರೆ ಇಲ್ಲೇ ಇದೆ. 2019ರ ಲೀಬರ್ ಅಗೆಯುವ ಯಂತ್ರದ ಸೆಟ್ಟಿನಲ್ಲಿ 4,108 ತುಂಡು, ಏಳು ಮೋಟರು, ನಡೆಸುವುದು ಫೋನಿನ ಆಪ್‌ನಿಂದ. ಅದ್ಭುತವಾದ ಎಂಜಿನಿಯರಿಂಗ್, ಒಪ್ಪುತ್ತೇನೆ. ಆದರೆ ಅಷ್ಟು ದೊಡ್ಡದನ್ನು ಕಟ್ಟುವಾಗ ಈಗ ಹಾಕುತ್ತಿರುವ ಪಿನ್ನು ಯಾವುದಕ್ಕೆ ಅಂತ ನೂರಾರು ಹಂತ ದಾಟಿದ ಮೇಲೆ ತಿಳಿಯುತ್ತದೆ, ಅಷ್ಟರಲ್ಲಿ ಸುಮ್ನೆ ಚಿತ್ರ ನೋಡಿ ಚುಚ್ಚುವ ಅಭ್ಯಾಸ ಬಂದಿರುತ್ತದೆ. ಕಟ್ಟಿದ ಮೇಲೆ ಬೆರಳು ಇರುವುದು ಗಾಜಿನ ಪರದೆ ಮೇಲೆ, ಗೇರಿನ ಬಿಗಿ ಸಡಿಲ ಯಾವುದೂ ಕೈಗೆ ಬರುವುದಿಲ್ಲ. ಹಿಂದೆ ಎಳೆದು ಬಿಟ್ಟರೆ ಓಡುವ ಚಿಕ್ಕ ಸೆಟ್ಟುಗಳಲ್ಲಿ ಬೇರೆ ಕೊರತೆ: ಸ್ಪ್ರಿಂಗ್ ಮೋಟರು ಮುಚ್ಚಿದ ಡಬ್ಬಿಯಲ್ಲಿ ಇರುತ್ತದೆ, ನೀವು ಕಟ್ಟುವುದು ಅದರ ಮೇಲಿನ ಹೊದಿಕೆ ಮಾತ್ರ.

ಅಂಗಡಿಯಲ್ಲಿ ಆರಿಸುವಾಗ ಡಬ್ಬಿಯ ಹಿಂಬದಿ ನೋಡಿ. ಕೈಯಿಂದ ನಡೆಸುವ ಎರಡು ಮೂರು ಕೆಲಸ ಇದ್ದು, ಒಂದಾದರೂ ಗೇರ್ ಸಾಲು ಹೊರಗಿನಿಂದ ಕಾಣುವ ಹಾಗಿದ್ದರೆ ತಗೊಳ್ಳಿ. ಮುಗಿದ ಮೇಲೆ ಮೇಲಿನ ಹೊದಿಕೆ ಬಿಚ್ಚಿಟ್ಟು, 8-24ರ ಜೋಡಿ ಇದ್ದ ಕಡೆ ಎರಡು 16 ಹಾಕಿ ತಿರುಗಿಸಿ. ಅದೇ ತೂತಿಗೆ ಕೂರುತ್ತದೆ, ಆದರೆ ಭಾರ ಎತ್ತುವಾಗ ಹಿಡಿಕೆ ಎಷ್ಟು ಗಡುಸಾಯಿತು ಅಂತ ಮಕ್ಕಳನ್ನೇ ಕೇಳಿ. ಆಮೇಲೆ 12-20 ಹಾಕಿದರೆ ಏನಾಗುತ್ತದೆ ಅಂತ ಹಾಕುವುದಕ್ಕೆ ಮೊದಲೇ ಅವರು ಹೇಳುತ್ತಾರೆ.